ತೆಳುಪದರ ಸೌರಕೋಶಗಳ ಮೇಲಿನ ಬೆಳಕು ಪರಿವರ್ತಕ ಲೇಪಗಳು

ಸೌರಕೋಶವು ಸರಿಯಾಗಿ ಬಳಸಿಕೊಳ್ಳಲಾರದ ತರಂಗಾಂತರದ ಬೆಳಕನ್ನು ಹೀರಿ, ಅದನ್ನು ಕೋಶಕ್ಕೆ ಒಗ್ಗುವ ಬೇರೊಂದು ತರಂಗಾಂತರದ ಬೆಳಕಾಗಿ ಹೊರಸೂಸುವ ತೆಳುವಾದ ಹೊದಿಕೆಗೆ ಬೆಳಕು ಪರಿವರ್ತಕ ಲೇಪ ಎಂದು ಹೆಸರು. ಕೋಶದ ಒಳರಚನೆಯನ್ನು ಮುಟ್ಟದೆ, ಅದರ ಮೇಲೆ ಬೀಳುವ ಬೆಳಕನ್ನೇ ತಿದ್ದಿ ಕೊಡುವುದು ಈ ಲೇಪಗಳ ಹಿಂದಿರುವ ಆಲೋಚನೆ. ಇದಕ್ಕೆ ಆಧಾರವಾದ ಭೌತಿಕ ವಿದ್ಯಮಾನವು ಮನೆಮಾತಿನಷ್ಟೇ ಪರಿಚಿತವಾದದ್ದು. ಟ್ಯೂಬ್‌ಲೈಟಿನ ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿಯು ಪಾದರಸದ ಆವಿಯಿಂದ ಹೊರಡುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ಬೆಳ್ಳಗಿನ ಬೆಳಕನ್ನು ಕೊಡುತ್ತದೆ. ಅರಿಸಿನವನ್ನು ಮದ್ಯಸಾರದಲ್ಲಿ ಕರಗಿಸಿ ನೇರಳಾತೀತ ದೀಪದ ಕೆಳಗೆ ಹಿಡಿದರೆ ದ್ರಾವಣವು ಹಸಿರು ಬೆರೆತ ಹಳದಿಯಾಗಿ ಹೊಳೆಯುವುದಕ್ಕೂ ಇದೇ ಕಾರಣ. ಹೀಗೆ ಒಂದು ಬೆಳಕನ್ನು ನುಂಗಿ ಮತ್ತೊಂದು ಬೆಳಕನ್ನು ಕೂಡಲೇ ಹೊರಚೆಲ್ಲುವ ಗುಣವನ್ನು ಪ್ರತಿದೀಪ್ತಿ ಎನ್ನುತ್ತಾರೆ.

ತೆಳುಪದರ ಸೌರಕೋಶವೆಂದರೆ ಬೆಳಕನ್ನು ಹೀರುವ ಅರೆವಾಹಕವನ್ನು ಕೆಲವೇ ಮೈಕ್ರೋಮೀಟರ್ ದಪ್ಪಕ್ಕೆ, ಕೆಲವೊಮ್ಮೆ ಅದಕ್ಕೂ ಕಡಿಮೆ ದಪ್ಪಕ್ಕೆ, ಗಾಜು, ಲೋಹದ ಹಾಳೆ ಅಥವಾ ಪ್ಲಾಸ್ಟಿಕ್ಕಿನ ಮೇಲೆ ಹರಡಿ ಮಾಡಿದ ಕೋಶ. ಹರಳು ಸಿಲಿಕಾನಿನ ಬಿಲ್ಲೆಗಳಿಗೆ ನೂರೈವತ್ತು ಮೈಕ್ರೋಮೀಟರಿನ ಆಸುಪಾಸಿನ ದಪ್ಪ ಬೇಕಾಗುವಲ್ಲಿ ಇವಕ್ಕೆ ಇಷ್ಟು ಕಡಿಮೆ ಪದಾರ್ಥ ಸಾಕಾಗುವುದು ಇವುಗಳ ಹೀರಿಕೆಯ ಬಲದಿಂದ. ಕ್ಯಾಡ್ಮಿಯಂ ಟೆಲ್ಯುರೈಡ್, ತಾಮ್ರ-ಇಂಡಿಯಂ-ಗ್ಯಾಲಿಯಂ-ಸೆಲೆನೈಡ್, ಅಸ್ಫಟಿಕ ಸಿಲಿಕಾನ್ ಮತ್ತು ಇತ್ತೀಚಿನ ಪೆರೋವ್‌ಸ್ಕೈಟ್ ಈ ಗುಂಪಿನ ಮುಖ್ಯ ಸದಸ್ಯರು. ಪ್ರತಿಯೊಂದು ಅರೆವಾಹಕಕ್ಕೂ ಎಲೆಕ್ಟ್ರಾನೊಂದನ್ನು ಬಂಧನದಿಂದ ಬಿಡಿಸಿ ವಿದ್ಯುತ್ತಾಗಿ ಹರಿಸಲು ಬೇಕಾದ ಒಂದು ಕನಿಷ್ಠ ಶಕ್ತಿಯಿರುತ್ತದೆ. ಶಕ್ತಿ ಅಂತರವೆಂದು ಕರೆಯುವ ಈ ಪ್ರಮಾಣವು ಕ್ಯಾಡ್ಮಿಯಂ ಟೆಲ್ಯುರೈಡಿಗೆ ಸುಮಾರು 1.45 ಎಲೆಕ್ಟ್ರಾನ್ ವೋಲ್ಟ್, ಅಸ್ಫಟಿಕ ಸಿಲಿಕಾನಿಗೆ ಸುಮಾರು 1.7, ಸಾಮಾನ್ಯವಾಗಿ ಬಳಸುವ ಪೆರೋವ್‌ಸ್ಕೈಟಿಗೆ 1.6ರ ಸಮೀಪ, ತಾಮ್ರ-ಇಂಡಿಯಂ-ಗ್ಯಾಲಿಯಂ-ಸೆಲೆನೈಡಿನಲ್ಲಿ ಗ್ಯಾಲಿಯಂ ಪಾಲನ್ನು ಹೆಚ್ಚಿಸಿದಂತೆ ಅದು 1.0ರಿಂದ 1.7ರವರೆಗೆ ಏರುತ್ತದೆ. 1240ನ್ನು ನ್ಯಾನೊಮೀಟರಿನಲ್ಲಿ ಹೇಳಿದ ತರಂಗಾಂತರದಿಂದ ಭಾಗಿಸಿದರೆ ಆ ಬೆಳಕಿನ ಒಂದು ಕಣದ, ಅಂದರೆ ಫೋಟಾನಿನ, ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ದೊರೆಯುವುದರಿಂದ, ಕ್ಯಾಡ್ಮಿಯಂ ಟೆಲ್ಯುರೈಡಿನ ಪಾಲಿಗೆ ಸುಮಾರು 850 ನ್ಯಾನೊಮೀಟರಿಗಿಂತ ಉದ್ದದ ಅವಕೆಂಪು ಬೆಳಕು ಇದ್ದೂ ಇಲ್ಲದಂತೆ.

ಸೂರ್ಯನ ಬೆಳಕು ಒಂದೇ ಬಗೆಯ ಫೋಟಾನುಗಳಿಂದಾದದ್ದಲ್ಲವಾದ್ದರಿಂದ, ಒಂದೇ ಶಕ್ತಿ ಅಂತರವುಳ್ಳ ಕೋಶಕ್ಕೆ ನಷ್ಟ ಎರಡು ಕಡೆಯಿಂದಲೂ ಆಗುತ್ತದೆ. ಅಂತರಕ್ಕಿಂತ ಕಡಿಮೆ ಶಕ್ತಿಯ ಫೋಟಾನು ಹೀರಿಕೆಯಾಗದೆ ದಾಟಿಹೋಗುತ್ತದೆ. ಹೆಚ್ಚು ಶಕ್ತಿಯ ಫೋಟಾನು ಹೀರಿಕೆಯಾದರೂ ಒಂದೇ ಎಲೆಕ್ಟ್ರಾನನ್ನು ಬಿಡಿಸಿ ಉಳಿದ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ಲೆಕ್ಕಹಾಕಿ ತೋರಿಸಿದ ದಕ್ಷತೆಯ ಮಿತಿಯು ಬಹುಮಟ್ಟಿಗೆ ಈ ಎರಡು ನಷ್ಟಗಳ ಫಲ. ಭೂಮಿಗೆ ತಲುಪುವ ಪ್ರಮಾಣಿತ ಸೂರ್ಯಪ್ರಕಾಶಕ್ಕೆ ಆ ಮಿತಿ ಅತ್ಯುತ್ತಮ ಅರೆವಾಹಕದಲ್ಲೂ ಶೇಕಡಾ 33.7ರಷ್ಟು ಮಾತ್ರ. ಬೆಳಕು ಪರಿವರ್ತಕಗಳ ಮೂರು ಬಗೆಗಳನ್ನು ಈ ನಷ್ಟಗಳ ನೆಲೆಯಿಂದಲೇ ಗುರುತಿಸುವುದು ವಾಡಿಕೆ. ಹೆಚ್ಚು ಶಕ್ತಿಯ ಒಂದು ಫೋಟಾನನ್ನು ಕಡಿಮೆ ಶಕ್ತಿಯ ಒಂದು ಫೋಟಾನಾಗಿಸುವುದು ಶಕ್ತಿಯಿಳಿಕೆ. ಒಂದನ್ನು ಎರಡಾಗಿ ಸೀಳುವುದು ಫೋಟಾನ್ ವಿಭಜನೆ. ಕಡಿಮೆ ಶಕ್ತಿಯ ಎರಡನ್ನು ಕೂಡಿಸಿ ಹೆಚ್ಚು ಶಕ್ತಿಯ ಒಂದನ್ನಾಗಿ ಮಾಡುವುದು ಶಕ್ತಿಯೇರಿಕೆ. ಇವುಗಳಲ್ಲಿ ಕೊನೆಯ ಎರಡು ಶಾಕ್ಲಿ-ಕ್ವೈಸರ್ ಮಿತಿಯನ್ನೇ ಮೀರುವ ದಾರಿಗಳು. ಮೊದಲನೆಯದು ಹಾಗಲ್ಲ; ಅದರಲ್ಲಿ ಫೋಟಾನುಗಳ ಎಣಿಕೆ ಏರುವುದಿಲ್ಲ, ಕೋಶವೊಂದು ತನ್ನ ದೋಷದಿಂದ ಪೋಲುಮಾಡುತ್ತಿದ್ದ ಫೋಟಾನನ್ನು ಉಳಿಸಿಕೊಡುವುದಷ್ಟೇ ಅದರಿಂದ ಸಾಧ್ಯ. ಈ ವ್ಯತ್ಯಾಸವನ್ನು ಮರೆತು ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಈ ವಿಷಯದಲ್ಲಿ ಸಾಕಷ್ಟು ಗೊಂದಲ ಉಂಟಾಗಿದೆ.

ಪ್ರತಿದೀಪ್ತಿಯ ವೈಜ್ಞಾನಿಕ ಅಧ್ಯಯನವು ಸೌರಕೋಶದ ಚರಿತ್ರೆಯಷ್ಟೇ ಹಳೆಯದು. ಬೆಳಕಿನಿಂದ ನೇರವಾಗಿ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಮೊದಲು ಕಂಡ ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್, ಮುಂದೆ ಹೊಳೆಯುವ ಪದಾರ್ಥಗಳ ಅಧ್ಯಯನದಲ್ಲೂ ಬಹುಕಾಲ ತೊಡಗಿ, ಅವುಗಳ ಹೊಳಪು ಎಷ್ಟು ಹೊತ್ತು ಉಳಿಯುತ್ತದೆಂದು ಅಳೆಯುವ ಉಪಕರಣವನ್ನು ರಚಿಸಿದ್ದನು. ಕೇಂಬ್ರಿಜ್‌ನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಕ್ವಿನೈನ್ ದ್ರಾವಣವೇ ಮೊದಲಾದುವನ್ನು ಪರೀಕ್ಷಿಸಿ, ಹೊರಬರುವ ಬೆಳಕಿನ ತರಂಗಾಂತರ ಹೀರಿದ ಬೆಳಕಿನದಕ್ಕಿಂತ ಉದ್ದವಾಗಿರುತ್ತದೆಂಬ ನಿಯಮವನ್ನು ಹೇಳಿದನು. ಈ ಎರಡರ ನಡುವಣ ಅಂತರಕ್ಕೆ ಇಂದಿಗೂ ಅವನದೇ ಹೆಸರು. ಆದರೆ ಈ ಎರಡು ಎಳೆಗಳು ಕೂಡಿದ್ದು ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ, ಬಣ್ಣ ಬೆರೆಸಿದ ಪ್ಲಾಸ್ಟಿಕ್ ಹಲಗೆಯ ಅಂಚುಗಳಿಗೆ ಬೆಳಕನ್ನು ಸಾಗಿಸುವ ಪ್ರತಿದೀಪ್ತಿ ಸಂಗ್ರಾಹಕಗಳು 1976-77ರಲ್ಲಿ ಸೂಚಿತವಾದುವು. ಅದರ ಹಿಂದೆಯೇ 1979ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯ ಹೆರಾಲ್ಡ್ ಹೊವೆಲ್ ಮತ್ತು ಸಂಗಡಿಗರು, ನೀಲಿ ಬೆಳಕಿಗೆ ಮಂದವಾಗಿ ಸ್ಪಂದಿಸುವ ಕೋಶಗಳ ಎದುರಿಗೆ ಪ್ರತಿದೀಪ್ತ ಪದಾರ್ಥವನ್ನಿಟ್ಟರೆ ಅವುಗಳ ಉತ್ಪಾದನೆ ಹೆಚ್ಚುತ್ತದೆಂದು ತೋರಿಸಿದರು. ಶಕ್ತಿಯಿಳಿಕೆ ಲೇಪಗಳ ಚರಿತ್ರೆ ಇಲ್ಲಿಂದ ಆರಂಭವಾಗುತ್ತದೆ.

ನೀಲಿ ಬೆಳಕಿಗೆ ಮಂದವಾಗಿ ಸ್ಪಂದಿಸುವುದೆಂದರೇನು ಎಂಬುದಕ್ಕೆ ಹಳೆಯ ಮಾದರಿಯ ಕ್ಯಾಡ್ಮಿಯಂ ಟೆಲ್ಯುರೈಡ್ ಕೋಶಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಈ ಕೋಶವನ್ನು ಗಾಜಿನ ಮೇಲೆ ತಲೆಕೆಳಗಾಗಿ ಕಟ್ಟಲಾಗುತ್ತದೆ: ಬೆಳಕು ಮೊದಲು ಗಾಜನ್ನು, ಆಮೇಲೆ ವಿದ್ಯುತ್ತನ್ನು ಹರಿಸಬಲ್ಲ ಪಾರದರ್ಶಕ ಆಕ್ಸೈಡ್ ಪದರವನ್ನು, ಅನಂತರ ಕಿಟಕಿಯೆಂದು ಕರೆಯುವ ಕ್ಯಾಡ್ಮಿಯಂ ಸಲ್ಫೈಡ್ ಪದರವನ್ನು ಹಾದು ಕೊನೆಗೆ ಟೆಲ್ಯುರೈಡನ್ನು ಸೇರುತ್ತದೆ. ಕ್ಯಾಡ್ಮಿಯಂ ಸಲ್ಫೈಡಿನ ಶಕ್ತಿ ಅಂತರ ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್ ಆದ್ದರಿಂದ ಸುಮಾರು 510 ನ್ಯಾನೊಮೀಟರಿಗಿಂತ ಚಿಕ್ಕ ತರಂಗಗಳನ್ನೆಲ್ಲ, ಅಂದರೆ ನೇರಳಾತೀತ, ನೇರಳೆ ಮತ್ತು ನೀಲಿಯನ್ನು, ಈ ಕಿಟಕಿಯೇ ನುಂಗಿಬಿಡುತ್ತದೆ. ಅಲ್ಲಿ ಹುಟ್ಟಿದ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ವಿದ್ಯುತ್ತಾಗದೆ ಮಡಿಯುತ್ತವೆ. ಟೆಲ್ಯುರೈಡ್ ಕೋಶವೊಂದರಿಂದ ತಾತ್ತ್ವಿಕವಾಗಿ ಚದರ ಸೆಂಟಿಮೀಟರಿಗೆ ಸುಮಾರು 30 ಮಿಲಿಆಂಪಿಯರ್ ವಿದ್ಯುತ್ತನ್ನು ನಿರೀಕ್ಷಿಸಬಹುದಾಗಿದ್ದು, ಅದರಲ್ಲಿ ಆರೇಳು ಮಿಲಿಆಂಪಿಯರ್ ಈ ಚಿಕ್ಕ ತರಂಗಗಳ ಪಾಲು. ಕಿಟಕಿಯನ್ನು ತೆಳುವಾಗಿಸಿದರೆ ನಷ್ಟ ತಗ್ಗುತ್ತದೆ ನಿಜ, ಆದರೆ ತೀರ ತೆಳುವಾದ ಸಲ್ಫೈಡಿನಲ್ಲಿ ಸೂಜಿರಂಧ್ರಗಳು ಬಿದ್ದು ಕೋಶದ ವೋಲ್ಟೇಜು ಕುಸಿಯುತ್ತದೆ. ಕಿಟಕಿಯ ಮುಂದೆಯೇ ನೀಲಿಯನ್ನು ಹೀರಿ ಹಸಿರು, ಹಳದಿ ಅಥವಾ ಕೆಂಪನ್ನಾಗಿಸಿ ಕಳಿಸಿದರೆ ಆ ಬೆಳಕು ಸಲ್ಫೈಡನ್ನು ತಡೆಯಿಲ್ಲದೆ ದಾಟಿ ಟೆಲ್ಯುರೈಡನ್ನು ತಲುಪುತ್ತದೆ ಎಂಬುದು ಲೇಪದ ಪರವಾದ ವಾದ.

ಈ ವಾದದ ಬಲವನ್ನೂ ಮಿತಿಯನ್ನೂ ಒಂದು ಸಣ್ಣ ಲೆಕ್ಕದಿಂದ ಕಾಣಬಹುದು. ನೇರಳೆ ಅಂಚಿನ, 400 ನ್ಯಾನೊಮೀಟರಿನ, ನೂರು ಫೋಟಾನುಗಳು ಬಂದಾಗ ಹಳೆಯ ಮಾದರಿಯ ಕೋಶವು ಇಪ್ಪತ್ತು ಎಲೆಕ್ಟ್ರಾನುಗಳನ್ನು ಕೊಡುತ್ತದೆಂದಿಟ್ಟುಕೊಳ್ಳಬಹುದು. ಲೇಪವು ಆ ನೂರನ್ನೂ ಹೀರಿ, ಉತ್ತಮ ಬಣ್ಣದ್ರವ್ಯಗಳಿಗೆ ಸಾಧ್ಯವಿರುವಂತೆ 95 ಹೊಸ ಫೋಟಾನುಗಳನ್ನು ಹೊರಸೂಸುತ್ತದೆ. ಆದರೆ ಪ್ರತಿದೀಪ್ತ ಅಣುವಿಗೆ ದಿಕ್ಕಿನ ಅರಿವಿಲ್ಲ. ಅದು ಎಲ್ಲ ಕಡೆಗೂ ಬೆಳಕನ್ನು ಚೆಲ್ಲುತ್ತದೆ. ಲೇಪದ ವಕ್ರೀಭವನಾಂಕ ಗಾಜಿನದರಂತೆ 1.5 ಇದ್ದರೆ, ಮೇಲ್ಮೈಗೆ ಓರೆಯಾಗಿ ಬಡಿದ ಕಿರಣಗಳು ಪೂರ್ಣಾಂತರಿಕ ಪ್ರತಿಫಲನದಿಂದ ಒಳಕ್ಕೇ ಮರಳುವುದರಿಂದ, ಸುಮಾರು ಎಂಟನೆಯ ಒಂದು ಪಾಲು ಮಾತ್ರ ಮೇಲಿನಿಂದ ಆಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ. ಉಳಿದ 83ರಷ್ಟು ಕೋಶವನ್ನು ಸೇರಿ, ಹೊಸ ತರಂಗಾಂತರದಲ್ಲಿ ಕೋಶದ ಸ್ಪಂದನ ಶೇಕಡಾ 85 ಇದ್ದರೆ, 70 ಎಲೆಕ್ಟ್ರಾನುಗಳು ದೊರೆಯುತ್ತವೆ. ಇಪ್ಪತ್ತಿದ್ದದ್ದು ಎಪ್ಪತ್ತಾಗುವುದು ಸಣ್ಣ ಮಾತಲ್ಲ. ಅದೇ ಲೇಪವು ತನ್ನ ಹೀರಿಕೆಯ ಬಾಲವನ್ನು 550 ನ್ಯಾನೊಮೀಟರಿನವರೆಗೂ ಚಾಚಿಕೊಂಡಿದ್ದರೆ, ಅಲ್ಲಿ ಲೇಪವಿಲ್ಲದೆಯೇ 85 ಎಲೆಕ್ಟ್ರಾನುಗಳನ್ನು ಕೊಡುತ್ತಿದ್ದ ಬೆಳಕು ಈಗ 70ನ್ನು ಮಾತ್ರ ಕೊಡುತ್ತದೆ. ನೇರಳೆಯಲ್ಲಿ ಗಳಿಸಿದ್ದನ್ನು ಹಸಿರಿನಲ್ಲಿ ಕಳೆದಂತಾಗುತ್ತದೆ. ಕೋಶದ ಸ್ಪಂದನ ಯಾವ ತರಂಗಾಂತರದಲ್ಲಿ ಶೇಕಡಾ 70ನ್ನು ದಾಟುತ್ತದೆಯೋ ಅಲ್ಲಿಗೆ ಲೇಪದ ಹೀರಿಕೆ ಥಟ್ಟನೆ ನಿಲ್ಲಬೇಕು. ಲೇಪವೊಂದರ ಗುಣವು ಲೇಪದಲ್ಲಷ್ಟೇ ಇಲ್ಲದೆ ಅದನ್ನು ಹೊದ್ದ ಕೋಶದ ಸ್ಪಂದನ ರೇಖೆಯಲ್ಲಿಯೂ ಅಡಗಿದೆಯೆಂಬ ಈ ಮಾತನ್ನು ಈ ಕ್ಷೇತ್ರದ ಮೂಲಸೂತ್ರವೆಂದೇ ಎಣಿಸಬೇಕು. 400 ನ್ಯಾನೊಮೀಟರಿನಲ್ಲೇ ಶೇಕಡಾ 80-90ರ ಸ್ಪಂದನವುಳ್ಳ ಇಂದಿನ ಒಳ್ಳೆಯ ಹರಳು ಸಿಲಿಕಾನ್ ಕೋಶಕ್ಕೆ ಶಕ್ತಿಯಿಳಿಕೆ ಲೇಪದಿಂದ ನಷ್ಟವೇ ಆಗುವುದು ಇದರಿಂದ ಸ್ಪಷ್ಟವಾಗುತ್ತದೆ.

ಒಳ್ಳೆಯ ಲೇಪದ ಪದಾರ್ಥಕ್ಕೆ ಬೇಕಾದ ಗುಣಗಳು ಹಲವು, ಮತ್ತು ಅವು ಒಂದಕ್ಕೊಂದು ಸುಲಭವಾಗಿ ಹೊಂದುವಂಥವಲ್ಲ. ಹೀರಿಕೆ ತೀವ್ರವಾಗಿರಬೇಕು, ಹೀರಿದ ಪ್ರತಿ ಫೋಟಾನಿಗೆ ಹೊರಬರುವ ಫೋಟಾನುಗಳ ಅನುಪಾತ, ಅಂದರೆ ಕ್ವಾಂಟಂ ಇಳುವರಿ, ಒಂದರ ಹತ್ತಿರವಿರಬೇಕು, ಹೀರಿಕೆ ಮತ್ತು ಹೊರಸೂಸುವಿಕೆಯ ಪಟ್ಟಿಗಳು ಒಂದರ ಮೇಲೊಂದು ಚಾಚಿಕೊಳ್ಳಬಾರದು, ಚಾಚಿದರೆ ಒಂದು ಅಣು ಸೂಸಿದ್ದನ್ನು ನೆರೆಯ ಅಣು ಮತ್ತೆ ಹೀರಿ ಪ್ರತಿ ಸುತ್ತಿನಲ್ಲೂ ಎಂಟನೆಯ ಒಂದರ ಸುಂಕವನ್ನು ತೆರಬೇಕಾಗುತ್ತದೆ, ಬೆಳಕು ಚದುರಬಾರದು, ಎಲ್ಲಕ್ಕಿಂತ ಮಿಗಿಲಾಗಿ ಪದಾರ್ಥವು ಬಿಸಿಲಿನಲ್ಲಿ ಬಾಳಬೇಕು. ಸಾವಯವ ಬಣ್ಣದ್ರವ್ಯಗಳು, ವಿಶೇಷವಾಗಿ ಪೆರಿಲೀನ್ ಮತ್ತು ನ್ಯಾಫ್ತಲಿಮೈಡ್ ಕುಲದವು, ಮೊದಲೆರಡು ಪರೀಕ್ಷೆಗಳಲ್ಲಿ ಸುಲಭವಾಗಿ ಗೆಲ್ಲುತ್ತವೆ. ಜರ್ಮನಿಯ ಬಿಎಎಸ್‌ಎಫ್ ಕಂಪನಿಯು ಲ್ಯೂಮೋಜೆನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದ ನೇರಳೆ, ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣದ್ರವ್ಯಗಳು ಈ ಕ್ಷೇತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಇವನ್ನು ಅಕ್ರಿಲಿಕ್ ಪ್ಲಾಸ್ಟಿಕ್ಕಿನಲ್ಲಿ ಕರಗಿಸಿ, ನೇರಳೆಯ ದ್ರವ್ಯ ಸೂಸಿದ್ದನ್ನು ಹಳದಿಯ ದ್ರವ್ಯ ಹೀರುವಂತೆ ಎರಡು ಮೂರನ್ನು ಬೆರೆಸಿದರೆ ಅಗಲವಾದ ಹೀರಿಕೆಯೂ ದೊರೆಯುತ್ತದೆ. ಇವುಗಳ ದೌರ್ಬಲ್ಯವೆಂದರೆ ಹೀರಿಕೆ ಮತ್ತು ಹೊರಸೂಸುವಿಕೆಗಳ ನಡುವೆ ಅಂತರ ಕಡಿಮೆಯಿರುವುದು ಹಾಗೂ ಸಾಂದ್ರತೆ ಹೆಚ್ಚಿದಂತೆ ಅಣುಗಳು ಗುಂಪುಗೂಡಿ ಹೊಳಪನ್ನು ಕಳೆದುಕೊಳ್ಳುವುದು.

ಯುರೋಪಿಯಂ ಲೋಹದ ಸಾವಯವ ಸಂಕೀರ್ಣಗಳು ಅಂತರದ ತೊಡಕನ್ನು ಬಹು ಸೊಗಸಾಗಿ ಬಿಡಿಸುತ್ತವೆ. ವಿರಳ ಭಸ್ಮ ಧಾತುಗಳಲ್ಲಿ ಒಂದಾದ ಯುರೋಪಿಯಂ ತಾನಾಗಿ ಬೆಳಕನ್ನು ತೀರ ಕಡಿಮೆ ಹೀರುತ್ತದೆ. ಅದರ ಸುತ್ತ ಕಟ್ಟಿದ ಸಾವಯವ ಅಣುಗಳು ಆಂಟೆನಾದಂತೆ ನೇರಳಾತೀತವನ್ನು ಹಿಡಿದು ಶಕ್ತಿಯನ್ನು ಲೋಹಕ್ಕೆ ಒಪ್ಪಿಸುತ್ತವೆ, ಲೋಹವು ಅದನ್ನು 612-615 ನ್ಯಾನೊಮೀಟರಿನ ಕಿರಿದಾದ ಕೆಂಪು ರೇಖೆಯಾಗಿ ಸೂಸುತ್ತದೆ. ಸೂಸಿದ ಕೆಂಪನ್ನು ಅಲ್ಲಿ ಮರಳಿ ಹೀರುವವರು ಯಾರೂ ಇರುವುದಿಲ್ಲ. ಸಾಮಾನ್ಯ ಸಂಕೀರ್ಣಗಳ ಹೀರಿಕೆ 400 ನ್ಯಾನೊಮೀಟರಿನ ಆಚೆಗೆ ಚಾಚದಿರುವುದು ಇವುಗಳ ಕೊರತೆ, ಏಕೆಂದರೆ ನೆಲಕ್ಕೆ ತಲುಪುವ ಸೂರ್ಯಶಕ್ತಿಯಲ್ಲಿ ನೇರಳಾತೀತದ ಪಾಲು ಶೇಕಡಾ 5ರಷ್ಟೂ ಇಲ್ಲ. ಕ್ವಾಂಟಂ ಚುಕ್ಕೆಗಳೆಂಬ, ಕೆಲವೇ ನ್ಯಾನೊಮೀಟರ್ ಗಾತ್ರದ ಅರೆವಾಹಕ ಹರಳುಗಳಲ್ಲಿ ಗಾತ್ರವನ್ನು ಬದಲಿಸಿಯೇ ಬಣ್ಣವನ್ನು ಬದಲಿಸಬಹುದು. ಅವುಗಳ ಆವಿಷ್ಕಾರ ಮತ್ತು ಸಂಶ್ಲೇಷಣೆಗಾಗಿ ಮೌಂಗಿ ಬವೆಂಡಿ, ಲೂಯಿ ಬ್ರೂಸ್ ಮತ್ತು ಅಲೆಕ್ಸಿ ಎಕಿಮೊವ್ ಅವರಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ನೀಲಿಯ ಕಡೆಗೆ ಸಾಗಿದಂತೆ ಇವುಗಳ ಹೀರಿಕೆ ಬಲವಾಗುತ್ತ ಹೋಗುವುದು ಅನುಕೂಲಕರ. ಆದರೆ ಗಾಳಿಯ ಆಮ್ಲಜನಕ ಮತ್ತು ತೇವಾಂಶಗಳಿಂದ ಅವನ್ನು ಕಾಪಾಡಬೇಕಾಗುತ್ತದೆ. ಎಲ್‌ಇಡಿ ದೀಪಗಳಲ್ಲಿ ನೀಲಿಯನ್ನು ಹಳದಿಯಾಗಿಸುವ ಬಗೆಯ ಗಟ್ಟಿ ಅಕಾರ್ಬನಿಕ ಪುಡಿಗಳು ಬಾಳಿಕೆಯಲ್ಲಿ ಎಲ್ಲವನ್ನೂ ಮೀರಿಸಿದರೂ ಕಣಗಳು ಬೆಳಕನ್ನು ಚದುರಿಸಿ ಅದರ ಒಂದಂಶವನ್ನು ಹಿಂದಕ್ಕೆ ಕಳಿಸುತ್ತವೆ.

ಲೇಪವನ್ನು ಎಲ್ಲಿಡಬೇಕೆಂಬುದು ಕೋಶದ ರಚನೆಯನ್ನು ಅವಲಂಬಿಸಿದೆ. ತಾಮ್ರ-ಇಂಡಿಯಂ-ಗ್ಯಾಲಿಯಂ-ಸೆಲೆನೈಡ್ ಕೋಶವನ್ನು ಹಿಂಬದಿಯಿಂದ ಮುಂದಕ್ಕೆ ಕಟ್ಟುವುದರಿಂದ ಕೋಶಕ್ಕೂ ಮುಂಗಾಜಿಗೂ ನಡುವೆ ಈಥಿಲೀನ್ ವಿನೈಲ್ ಅಸಿಟೇಟಿನಂಥ ಪಾರದರ್ಶಕ ಅಂಟುಹಾಳೆಯಿರುತ್ತದೆ. ಬಣ್ಣದ್ರವ್ಯವನ್ನು ಆ ಹಾಳೆಯಲ್ಲೇ ಬೆರೆಸಿದರೆ ತಯಾರಿಕೆಯಲ್ಲಿ ಹೊಸ ಹಂತವೇ ಬೇಕಾಗದು, ಗಾಜು ಅದಕ್ಕೆ ರಕ್ಷಣೆಯನ್ನೂ ಕೊಡುತ್ತದೆ. ಕ್ಯಾಡ್ಮಿಯಂ ಟೆಲ್ಯುರೈಡಿನಲ್ಲಿ ಕೋಶವು ಮುಂಗಾಜಿಗೇ ಅಂಟಿಕೊಂಡು ಬೆಳೆದಿರುವುದರಿಂದ ಲೇಪಕ್ಕೆ ಉಳಿಯುವ ಸ್ಥಳ ಗಾಜಿನ ಹೊರಮೈ ಮಾತ್ರ. ಅಲ್ಲಿ ಅದು ಮಳೆ, ಧೂಳು ಮತ್ತು ಒರೆಸುವ ಕುಂಚಗಳಿಗೆ ನೇರವಾಗಿ ಒಡ್ಡಿಕೊಳ್ಳುತ್ತದೆ. ಲೇಪದ ಅಗತ್ಯ ಎಲ್ಲಿ ಅತ್ಯಂತ ಹೆಚ್ಚಾಗಿತ್ತೋ ಅಲ್ಲೇ ಅದನ್ನು ಇರಿಸುವುದು ಅತ್ಯಂತ ಕಷ್ಟವಾಗಿತ್ತು.

ಇಂಥ ಲೇಪಗಳಿಂದ ದೊರೆತ ಲಾಭದ ಅಂಕಿಗಳನ್ನು ಓದುವಾಗ ಅಳತೆಯ ಕ್ರಮವನ್ನು ಎಚ್ಚರದಿಂದ ನೋಡಬೇಕು. ಗಾಳಿಯಿಂದ ಗಾಜಿಗೆ ಇಳಿಯುವಾಗ ಸುಮಾರು ಶೇಕಡಾ 4ರಷ್ಟು ಬೆಳಕು ಪ್ರತಿಫಲಿಸಿಹೋಗುತ್ತದೆ, ಬರಿಯ ಅರೆವಾಹಕದ ಮೈಯಿಂದಾದರೆ ಇದು ಇನ್ನೂ ಹೆಚ್ಚು. ಬರಿಗೋಶದ ಮೇಲೆ ಬಣ್ಣವಿಲ್ಲದ ಪ್ಲಾಸ್ಟಿಕ್ಕನ್ನು ಬಳಿದರೂ ಪ್ರತಿಫಲನ ತಗ್ಗಿ ವಿದ್ಯುತ್ತು ಹೆಚ್ಚುತ್ತದೆ. ಆದ್ದರಿಂದ ಬಣ್ಣದ್ರವ್ಯವುಳ್ಳ ಲೇಪವನ್ನು ಹೋಲಿಸಬೇಕಾದದ್ದು ಬರಿಗೋಶದೊಂದಿಗಲ್ಲ, ಬಣ್ಣದ್ರವ್ಯವಿಲ್ಲದ ಅದೇ ಲೇಪವನ್ನು ಹೊದ್ದ ಕೋಶದೊಂದಿಗೆ. ಪ್ರಯೋಗಾಲಯದ ಕೋಶ ಉಗುರಿನಷ್ಟಿದ್ದು ಲೇಪದ ಹಲಗೆ ಅಂಗೈಯಷ್ಟಿದ್ದರೆ ಕೋಶದ ಹೊರಗೆ ಬಿದ್ದ ಬೆಳಕೂ ಹಲಗೆಯೊಳಗೆ ಸಾಗಿಬಂದು ಕೋಶವನ್ನು ಸೇರುವುದು ಇನ್ನೊಂದು ಬಲೆ. ಕೃತಕ ಸೂರ್ಯದೀಪದಲ್ಲಿ ನೇರಳಾತೀತದ ಪಾಲು ನಿಜವಾದ ಬಿಸಿಲಿಗಿಂತ ಭಿನ್ನವಾಗಿರುವುದು ಮತ್ತೊಂದು. ಈ ಬಲೆಗಳನ್ನು ತಪ್ಪಿಸಿಕೊಂಡು ಕೈಗೆ ಬರುವ ಲಾಭವು ಹಳೆಯ ಮಾದರಿಯ ತೆಳುಪದರ ಕೋಶಗಳಲ್ಲಿಯೂ ಸಾಮಾನ್ಯವಾಗಿ ಇದ್ದ ಉತ್ಪಾದನೆಯ ಶೇಕಡಾ ಕೆಲವೇ ಅಂಶಗಳಷ್ಟು ಮಾತ್ರ. ಮೋಡ ಕವಿದಾಗಲೂ ನೆರಳಿನಲ್ಲೂ ದೊರೆಯುವ ಚದುರಿದ ಆಕಾಶದ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚಾಗಿರುವುದರಿಂದ ಆ ಹೊತ್ತಿನಲ್ಲಿ ಲೇಪದ ಉಪಕಾರ ತುಸು ಹಿಗ್ಗುತ್ತದೆ.

ಕ್ಯಾಡ್ಮಿಯಂ ಟೆಲ್ಯುರೈಡಿನ ವಿಷಯದಲ್ಲಿ ಚರಿತ್ರೆಯು ಲೇಪಕ್ಕೆ ಕಾಯಲಿಲ್ಲ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿ ಪ್ರಯೋಗಾಲಯವು 2001ರಲ್ಲಿ ಸಾಧಿಸಿದ ಶೇಕಡಾ 16.5ರ ದಕ್ಷತೆ ಹತ್ತು ವರ್ಷಗಳವರೆಗೆ ದಾಖಲೆಯಾಗಿ ನಿಂತಿತ್ತು. ಆಮೇಲೆ ಫಸ್ಟ್ ಸೋಲಾರ್ ಕಂಪನಿಯ ಕೋಶಗಳು 2016ರ ಹೊತ್ತಿಗೆ ಶೇಕಡಾ 22.1ಕ್ಕೆ ಏರಿದವು, ಇಂದು ಶೇಕಡಾ 23ನ್ನು ದಾಟಿವೆ. ಈ ಏರಿಕೆಯ ಒಂದು ಮುಖ್ಯ ಕಾರಣ, ನೀಲಿಯನ್ನು ನುಂಗುತ್ತಿದ್ದ ಸಲ್ಫೈಡ್ ಕಿಟಕಿಯನ್ನೇ ಕಿತ್ತುಹಾಕಿ ಅದರ ಜಾಗದಲ್ಲಿ ಮೆಗ್ನೀಸಿಯಂ ಬೆರೆತ ಸತುವಿನ ಆಕ್ಸೈಡಿನಂಥ ಪಾರದರ್ಶಕ ಪದರವನ್ನಿಟ್ಟದ್ದು. ಟೆಲ್ಯುರೈಡಿಗೆ ಸೆಲೆನಿಯಂ ಬೆರೆಸಿ ಶಕ್ತಿ ಅಂತರವನ್ನು 1.4ರ ಸಮೀಪಕ್ಕೆ ಇಳಿಸಿ ಅವಕೆಂಪನ್ನೂ ಗಳಿಸಿಕೊಂಡದ್ದು ಇನ್ನೊಂದು. ನೀಲಿಯ ಸ್ಪಂದನ ಮೇಲೆದ್ದ ಕೂಡಲೇ, ಮೇಲಿನ ಲೆಕ್ಕದಂತೆ, ಶಕ್ತಿಯಿಳಿಕೆ ಲೇಪಕ್ಕೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ತಮಿಳುನಾಡಿನ ಶ್ರೀಪೆರಂಬುದೂರಿನ ಬಳಿ 2024ರ ಜನವರಿಯಲ್ಲಿ ಉದ್ಘಾಟನೆಯಾದ, ವರ್ಷಕ್ಕೆ 3.3 ಗಿಗಾವ್ಯಾಟ್ ಸಾಮರ್ಥ್ಯದ ಅದೇ ಕಂಪನಿಯ ಕಾರ್ಖಾನೆಯಲ್ಲಿ ತಯಾರಾಗುವ ಫಲಕಗಳು ಈ ಹೊಸ ತಲೆಮಾರಿನವು. ರೋಗವೇ ವಾಸಿಯಾದ ಮೇಲೆ ಔಷಧ ಬೇಡವಾಗುವುದು ಸಹಜ. ಆದರೂ ಎರಡು ದಶಕಗಳ ಲೇಪ ಸಂಶೋಧನೆಯು ಕೋಶದ ಒಂದೊಂದು ಪದರವೂ ಎಷ್ಟೆಷ್ಟು ಬೆಳಕನ್ನು ಕದಿಯುತ್ತದೆಂಬುದನ್ನು ಸೂಕ್ಷ್ಮವಾಗಿ ತೋರಿಸಿಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ತಾಮ್ರ-ಇಂಡಿಯಂ-ಗ್ಯಾಲಿಯಂ-ಸೆಲೆನೈಡಿನಲ್ಲಿ ಸುಮಾರು 50 ನ್ಯಾನೊಮೀಟರ್ ದಪ್ಪದ ಸಲ್ಫೈಡ್ ಪದರವು ಬಹುಕಾಲ ಬಳಕೆಯಲ್ಲಿದ್ದು, ಅಲ್ಲಿಯೂ ಕ್ಯಾಡ್ಮಿಯಂ ಇಲ್ಲದ ಪಾರದರ್ಶಕ ಪದರಗಳು ಅದೇ ದಾರಿಯನ್ನು ಹಿಡಿದಿವೆ.

ಶಕ್ತಿಯಿಳಿಕೆ ಲೇಪಕ್ಕೆ ಹೊಸ ಬದುಕು ದೊರೆತದ್ದು ಪೆರೋವ್‌ಸ್ಕೈಟ್ ಕೋಶಗಳಲ್ಲಿ, ಅದೂ ಬೇರೊಂದು ಕಾರಣಕ್ಕೆ. ಈ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸಲು ಬಳಸುವ ಟೈಟಾನಿಯಂ ಡೈಆಕ್ಸೈಡು ನೇರಳಾತೀತವನ್ನು ಹೀರಿದಾಗ ವೇಗವರ್ಧಕವಾಗಿ ವರ್ತಿಸಿ ಪಕ್ಕದ ಪೆರೋವ್‌ಸ್ಕೈಟನ್ನೇ ಕೆಡಿಸುತ್ತದೆ. ನೇರಳಾತೀತವನ್ನು ಕೇವಲ ಸೋಸಿಬಿಟ್ಟರೆ ಕೋಶ ಉಳಿಯುತ್ತದೆ, ಆದರೆ ಆ ಬೆಳಕು ನಷ್ಟವಾಗುತ್ತದೆ. ಪ್ರತಿದೀಪ್ತ ಲೇಪವು ಸೋಸಿದ್ದನ್ನೂ ಕಾಣುವ ಬೆಳಕಾಗಿಸಿ ಮರಳಿಸುತ್ತದೆ. ಇಟಲಿಯ ಟೊರಿನೊ ಮತ್ತು ಸ್ವಿಟ್ಜರ್ಲೆಂಡಿನ ಲೌಸಾನ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಬೆಳಕಿನಿಂದ ಗಟ್ಟಿಯಾಗುವ ಫ್ಲೋರಿನ್‌ಯುಕ್ತ ಪಾಲಿಮರಿಗೆ ಪ್ರತಿದೀಪ್ತ ದ್ರವ್ಯವನ್ನು ಬೆರೆಸಿ ಕೋಶದ ಮುಂಭಾಗಕ್ಕೆ ಬಳಿದಾಗ, ದಕ್ಷತೆ ಶೇಕಡಾ 19ರ ಸಮೀಪಕ್ಕೆ ಬಂದುದಲ್ಲದೆ ಆರು ತಿಂಗಳ ಕಠಿಣ ಪರೀಕ್ಷೆಗಳಲ್ಲೂ ಕೋಶಗಳು ಕೆಡದೆ ನಿಂತವು. ಹಿಂಭಾಗಕ್ಕೆ ಬಳಿದ ಅದೇ ಪಾಲಿಮರು ತೇವವನ್ನು ತಡೆಯಿತು, ಮುಂಭಾಗದ್ದು ನೀರು ಜಾರುವ ಗುಣದಿಂದ ಧೂಳನ್ನು ಬಿಟ್ಟುಕೊಟ್ಟಿತು. ಇಲ್ಲಿ ಲೇಪದ ಬೆಲೆಯನ್ನು ಹೆಚ್ಚಿದ ಮಿಲಿಆಂಪಿಯರಿನಲ್ಲಿ ಎಣಿಸುವುದಕ್ಕಿಂತ ಕೋಶದ ಆಯುಸ್ಸಿನಲ್ಲಿ ಎಣಿಸುವುದೇ ನ್ಯಾಯ.

ಒಂದು ಫೋಟಾನನ್ನು ಎರಡಾಗಿ ಸೀಳುವ ಆಲೋಚನೆಯನ್ನು ಡೇವಿಡ್ ಡೆಕ್ಸ್‌ಟರ್ 1957ರಲ್ಲೇ ಮುಂದಿಟ್ಟಿದ್ದನು. 1999ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು, ಗ್ಯಾಡೊಲಿನಿಯಂ ಮತ್ತು ಯುರೋಪಿಯಂ ಇರುವ ಫ್ಲೋರೈಡ್ ಹರಳಿನಲ್ಲಿ ಹೀರಿದ ಒಂದು ನೇರಳಾತೀತ ಫೋಟಾನಿಗೆ ಹೆಚ್ಚುಕಡಿಮೆ ಎರಡು ಕೆಂಪು ಫೋಟಾನುಗಳು ಹೊರಡಬಲ್ಲವೆಂದು ತೋರಿಸಿದರು. ಅವರ ಗುರಿ ದೀಪಗಳಾಗಿದ್ದವು. 2002ರಲ್ಲಿ ಥಾರ್ಸ್ಟನ್ ಟ್ರುಪ್ಕೆ, ಮಾರ್ಟಿನ್ ಗ್ರೀನ್ ಮತ್ತು ಪೀಟರ್ ವುರ್ಫೆಲ್ ಇದನ್ನು ಸೌರಕೋಶಕ್ಕೆ ಅನ್ವಯಿಸಿ ಲೆಕ್ಕಹಾಕಿದಾಗ, ಆದರ್ಶ ವಿಭಜಕವುಳ್ಳ ಕೋಶದ ದಕ್ಷತೆಯ ಮಿತಿ ಶೇಕಡಾ 39.6ರವರೆಗೆ ಏರಿತು. ಕ್ರಿಯೆಯಲ್ಲಿ ಇದನ್ನು ಸಾಧಿಸಲು ಯಿಟರ್ಬಿಯಂ ಧಾತು ಒದಗಿಬಂದಿದೆ: ಕ್ಲೋರೈಡ್ ಪೆರೋವ್‌ಸ್ಕೈಟ್ ಹರಳಿಗೆ ಯಿಟರ್ಬಿಯಂ ಬೆರೆಸಿದರೆ ಹರಳು ಹೀರಿದ ನೇರಳೆಯ ಶಕ್ತಿ ಎರಡು ಯಿಟರ್ಬಿಯಂ ಅಯಾನುಗಳಿಗೆ ಹಂಚಿಹೋಗಿ ಸುಮಾರು 990 ನ್ಯಾನೊಮೀಟರಿನ ಎರಡು ಫೋಟಾನುಗಳು ಹುಟ್ಟುತ್ತವೆ. 2017ರಿಂದೀಚೆಗೆ ಈ ಪದಾರ್ಥಗಳಲ್ಲಿ ಶೇಕಡಾ 150ನ್ನು ಮೀರಿ 190ರ ಸಮೀಪದವರೆಗಿನ ಕ್ವಾಂಟಂ ಇಳುವರಿ ದಾಖಲಾಗಿದೆ. ಮತ್ತೆ ಅದೇ ಮೂಲಸೂತ್ರ ಇಲ್ಲಿಯೂ ಎದುರಾಗುತ್ತದೆ. 990 ನ್ಯಾನೊಮೀಟರಿನ ಬೆಳಕು ಹರಳು ಸಿಲಿಕಾನಿಗೂ ಗ್ಯಾಲಿಯಂ ಕಡಿಮೆಯಿರುವ ಸೆಲೆನೈಡಿಗೂ ಹೇಳಿ ಮಾಡಿಸಿದಂತಿದೆ. ಆದರೆ 850 ನ್ಯಾನೊಮೀಟರಿನಾಚೆಗೆ ಕುರುಡಾದ ಟೆಲ್ಯುರೈಡಿಗೆ, ಅದಕ್ಕೂ ಮುಂಚೆಯೇ ಕುರುಡಾಗುವ ಅಸ್ಫಟಿಕ ಸಿಲಿಕಾನಿಗೆ ಅದು ಏನೂ ಅಲ್ಲ. ಟೆಲ್ಯುರೈಡಿಗೆ ಒಗ್ಗುವ ಎರಡು ಫೋಟಾನುಗಳು ಬೇಕಾದರೆ ಸೀಳಬೇಕಾದ ಫೋಟಾನು 2.9 ಎಲೆಕ್ಟ್ರಾನ್ ವೋಲ್ಟ್ ದಾಟಿರಬೇಕು, ಅಂದರೆ 427 ನ್ಯಾನೊಮೀಟರಿಗಿಂತ ಚಿಕ್ಕದಿರಬೇಕು. ಸೂರ್ಯನ ಬೆಳಕಿನಲ್ಲಿ ಅಂಥವು ವಿರಳ. ಯಿಟರ್ಬಿಯಂ ಅಯಾನು ಹೀರಿದ ಶಕ್ತಿಯನ್ನು ಮಿಲಿಸೆಕೆಂಡುಗಳ ಕಾಲ ಹಿಡಿದಿಟ್ಟುಕೊಳ್ಳುವುದರಿಂದ ಪ್ರಖರ ಬೆಳಕಿನಲ್ಲಿ ಹೊಸ ಶಕ್ತಿಗೆ ಎಡೆಯಿಲ್ಲದೆ ಇಳುವರಿ ಕುಗ್ಗುವುದೂ ಹರಳಿನಲ್ಲಿ ಸೀಸವಿರುವುದೂ ಬಗೆಹರಿಯಬೇಕಾದ ತೊಡಕುಗಳು. ಟೆಟ್ರಾಸೀನಿನಂಥ ಸಾವಯವ ಹರಳುಗಳೂ ಒಂದು ಉದ್ರೇಕವನ್ನು ಎರಡಾಗಿ ಸೀಳಬಲ್ಲವು. 2019ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತಂಡವು ಹಾಫ್ನಿಯಂ ಆಕ್ಸಿನೈಟ್ರೈಡಿನ ಅತಿ ತೆಳುವಾದ ನಡುಪದರದ ಮೂಲಕ ಆ ಶಕ್ತಿಯನ್ನು ಬೆಳಕಾಗಿಸದೆ ನೇರವಾಗಿ ಸಿಲಿಕಾನಿಗೆ ದಾಟಿಸಿತು.

ಶಕ್ತಿಯೇರಿಕೆಯು ಕಾಗದದ ಮೇಲೆ ಎಲ್ಲಕ್ಕಿಂತ ಉದಾರವಾದ ದಾರಿ. ಮೇಲಿನ ಮೂವರೇ 2002ರಲ್ಲಿ ಲೆಕ್ಕಹಾಕಿದಂತೆ ಅದರ ಮಿತಿ ಸಾಂದ್ರೀಕರಿಸದ ಬಿಸಿಲಿನಲ್ಲಿ ಶೇಕಡಾ 47.6. ಕೋಶವನ್ನು ದಾಟಿಬಂದ ಅವಕೆಂಪನ್ನು ಹಿಡಿಯಬೇಕಾದ್ದರಿಂದ ಈ ಪದರವನ್ನು ಮುಂದಿಡದೆ ಕೋಶದ ಹಿಂಬದಿಯಲ್ಲಿ ಇಡುತ್ತಾರೆ. ಹಿಂಬದಿಯ ವಿದ್ಯುದ್ವಾರವೂ ಪಾರದರ್ಶಕವಾಗಿರಬೇಕು. ಮುಂಬದಿಯ ಲೇಪದಂತೆ ಇದು ಒಳ್ಳೆಯ ಬೆಳಕನ್ನು ಕದಿಯುವ ಅಪಾಯವಿಲ್ಲದಿರುವುದು ಇದರ ದೊಡ್ಡ ಗುಣ. ಯಿಟರ್ಬಿಯಂ ಮತ್ತು ಎರ್ಬಿಯಂ ಜೋಡಿಯಿರುವ ಸೋಡಿಯಂ ಯಿಟ್ರಿಯಂ ಫ್ಲೋರೈಡ್ 980 ನ್ಯಾನೊಮೀಟರಿನ ಎರಡು ಫೋಟಾನುಗಳನ್ನು ಸೇರಿಸಿ ಹಸಿರನ್ನೂ ಕೆಂಪನ್ನೂ ಸೂಸುತ್ತದೆ. ಇದನ್ನು ಉಟ್ರೆಕ್ಟ್‌ನಲ್ಲಿ 2010ರ ಸುಮಾರಿಗೆ ಅಸ್ಫಟಿಕ ಸಿಲಿಕಾನ್ ಕೋಶದ ಹಿಂದಿಟ್ಟಾಗ ಲೇಸರ್ ಬೆಳಕಿನಡಿಯಲ್ಲಿ ಹೆಚ್ಚುವರಿ ವಿದ್ಯುತ್ತನ್ನು ಅಳೆಯಲು ಸಾಧ್ಯವಾಯಿತು. ಆದರೆ ಎರಡು ಫೋಟಾನುಗಳು ಒಂದೆಡೆ ಕೂಡಬೇಕಾದ ಈ ಕ್ರಿಯೆಯ ಫಲವು ಬೆಳಕಿನ ತೀವ್ರತೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಬೆಳಕು ಹತ್ತನೆಯ ಒಂದಕ್ಕೆ ಇಳಿದರೆ ಫಲವು ನೂರನೆಯ ಒಂದಕ್ಕೆ ಇಳಿಯುತ್ತದೆ. ವಿರಳ ಭಸ್ಮ ಧಾತುಗಳ ಹೀರಿಕೆಯ ಪಟ್ಟಿಗಳು ತೀರ ಕಿರಿದಾಗಿರುವಲ್ಲಿ ಸಾಮಾನ್ಯ ಬಿಸಿಲಿನಿಂದ ದೊರೆಯುವ ತೀವ್ರತೆ ಏತಕ್ಕೂ ಸಾಲದು. ಪಾರ್ಫಿರಿನ್ ಮತ್ತು ರುಬ್ರೀನಿನಂಥ ಸಾವಯವ ಅಣುಗಳ ಜೋಡಿಯು ಹೆಚ್ಚು ಅಗಲವಾದ ಪಟ್ಟಿಯನ್ನು ಹೀರಿ ಮಂದವಾದ ಬೆಳಕಿನಲ್ಲೂ ಕೆಲಸಮಾಡುವುದರಿಂದ ಅಸ್ಫಟಿಕ ಸಿಲಿಕಾನಿಗೆ ಅದೇ ಹೆಚ್ಚು ಆಶಾದಾಯಕವಾಗಿ ಕಂಡಿದೆ. ಆಮ್ಲಜನಕ ಸೋಂಕಿದರೆ ಅದರ ಕ್ರಿಯೆ ನಿಂತುಹೋಗುತ್ತದೆ.

ಕೊನೆಯದಾಗಿ ಬಾಳಿಕೆಯ ಪ್ರಶ್ನೆ; ಸಾವಯವ ಲೇಪಗಳು ಪ್ರಯೋಗಾಲಯದಿಂದ ಚಾವಣಿಗೆ ಏರದಿರಲು ಇದೇ ಮುಖ್ಯ ಕಾರಣ. ಬಟ್ಟೆಗೆ ತಗುಲಿದ ಅರಿಸಿನದ ಕಲೆಯು ಬಿಸಿಲಿಗೆ ಹಾಕಿದರೆ ತಾನಾಗಿ ಮಾಯವಾಗುವುದು ಎಲ್ಲ ಮನೆಗಳಲ್ಲೂ ಕಂಡ ಸಂಗತಿ. ಬೆಳಕನ್ನು ಹೀರಿದ ಅಣು ಪ್ರತಿ ಬಾರಿಯೂ ಹೊಳೆದು ಸುಮ್ಮನಾಗುವುದಿಲ್ಲ, ಎಂದಾದರೊಮ್ಮೆ ಆಮ್ಲಜನಕದೊಡನೆ ಕೂಡಿ ಮುರಿದುಬೀಳುತ್ತದೆ. ಬಣ್ಣದ್ರವ್ಯದ ಲೇಪವೊಂದರಲ್ಲಿ ಚದರ ಸೆಂಟಿಮೀಟರಿಗೆ ಇರಬೇಕಾದ ಅಣುಗಳ ಸಂಖ್ಯೆಯೂ ಪೂರ್ಣ ಬಿಸಿಲಿನಲ್ಲಿ ಅಷ್ಟೇ ಜಾಗಕ್ಕೆ ಸೆಕೆಂಡಿಗೆ ಬೀಳುವ ನೇರಳಾತೀತ ಫೋಟಾನುಗಳ ಸಂಖ್ಯೆಯೂ ಸ್ಥೂಲವಾಗಿ ಒಂದೇ ಪ್ರಮಾಣದವಾದ್ದರಿಂದ, ಪ್ರತಿ ಅಣುವೂ ಸೆಕೆಂಡಿಗೊಮ್ಮೆಯ ಆಸುಪಾಸಿನಲ್ಲಿ ಉದ್ರೇಕಗೊಳ್ಳುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿರುವಂತೆ ದಿನಕ್ಕೆ ಐದೂವರೆ ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೀಳುವಲ್ಲಿ ಫಲಕದ ಇಪ್ಪತ್ತೈದು ವರ್ಷಗಳ ಆಯುಸ್ಸಿನಲ್ಲಿ ಇದು ಹತ್ತು ಕೋಟಿ ಬಾರಿಯನ್ನು ಮೀರುತ್ತದೆ. ಫಲಕಗಳಿಗೆ ಅನ್ವಯಿಸುವ ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನಕದ ನೇರಳಾತೀತ ಪರೀಕ್ಷೆಯಲ್ಲಿ ಒಡ್ಡಬೇಕಾದ ಪ್ರಮಾಣ ಚದರ ಮೀಟರಿಗೆ 15 ಕಿಲೋವ್ಯಾಟ್-ಗಂಟೆ. ಮೇಲೆ ಹೇಳಿದ ಬಿಸಿಲಿನಲ್ಲಿ ಅಷ್ಟು ನೇರಳಾತೀತವು ಸುಮಾರು ಎರಡು ತಿಂಗಳಲ್ಲಿ ಬಿದ್ದುಹೋಗುತ್ತದೆ. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಲೇಪವು ಮೂರನೆಯ ಬೇಸಗೆಯಲ್ಲಿ ಏನಾಗಿರುತ್ತದೆಂಬುದು ಪರೀಕ್ಷೆಯಿಂದ ತಿಳಿಯುವುದಿಲ್ಲವಾದ್ದರಿಂದ, ಬಣ್ಣ ಮಾಸುವ ವೇಗವನ್ನು ಅಳೆಯಲು ಇದಕ್ಕಿಂತ ಹಲವು ಪಟ್ಟು ದೀರ್ಘವಾದ ಒಡ್ಡಿಕೆಯೇ ಬೇಕಾಗುತ್ತದೆ. ಬೇಗ ಮಾಸುವ ದ್ರವ್ಯಗಳ ವಿಷಯದಲ್ಲಿ, ಬಣ್ಣ ಕಳೆದುಕೊಂಡ ಲೇಪವು ಕೋಶಕ್ಕೆ ಹಾನಿ ಮಾಡದೆ ಬರಿಯ ಪಾರದರ್ಶಕ ಹೊದಿಕೆಯಾಗಿ ಉಳಿಯುತ್ತದೆಯೋ, ಇಲ್ಲವೆ ಕಂದುಬಣ್ಣಕ್ಕೆ ತಿರುಗಿ ಒಳ್ಳೆಯ ಬೆಳಕನ್ನೂ ತಡೆಯುತ್ತದೆಯೋ ಎಂಬುದನ್ನು ಬಳಿಯುವ ಮೊದಲೇ ತಿಳಿದಿರಬೇಕಾಗುತ್ತದೆ.